ಕೀಲಿಮಣೆಯೂ ಈಳಿಗೆಮಣೆಯೂ

ಮಣೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಹೊರೆ ಹೆಚ್ಚು. ಉಣ್ಣಲು ಕೂರುವವರಿಗೆ ಆಸನವಾಗುವುದೂ, ಲಟ್ಟಣಿಗೆಯ ಒತ್ತಡವನ್ನು ತಾಳಿಕೊಳ್ಳುವುದೂ, ಅಲಗು ಸಿಕ್ಕಿಸಿಕೊಂಡು ಈಳಿಗೆಮಣೆಯಾಗಿ ಸೌತೆಕಾಯಿ ಹೆಚ್ಚುವುದೂ ಅದೇ. ಗಣಕಯಂತ್ರ ಬಂದ ಮೇಲೆ ಅಕ್ಷರ ಒತ್ತುವ ಫಲಕವನ್ನೂ ಕೀಲಿಮಣೆಯೆಂದು ಕರೆದು ಈ ವಂಶಕ್ಕೆ ದತ್ತು ತೆಗೆದುಕೊಳ್ಳಲಾಯಿತು. ಈ ದತ್ತುಪುತ್ರನಿಗೂ ಈಳಿಗೆಮಣೆಗೂ ಇರುವ ರಕ್ತಸಂಬಂಧ ಬಯಲಾದದ್ದು ಸಂಗೀತ ತಯಾರಿಕೆಯ ತಂತ್ರಾಂಶಗಳಲ್ಲಿ, ಅಂದರೆ ಧ್ವನಿಮುದ್ರಣ, ಸಂಕಲನ, ಮಿಶ್ರಣಗಳನ್ನೆಲ್ಲ ಒಂದೇ ಪರದೆಯ ಮೇಲೆ ನಡೆಸಿಕೊಡುವ ಸಾಧನಗಳಲ್ಲಿ. ಏಕೆಂದರೆ ಅಲ್ಲಿ ಹಾಡುವ ಮಣೆಯೂ ಹೆಚ್ಚುವ ಮಣೆಯೂ ಒಂದೇ.

ಹೆಚ್ಚುವ ಕೆಲಸವನ್ನು ಮೊದಲು ವಿಚಾರಿಸಬಹುದು. ಮುದ್ರಿಸಿದ ಧ್ವನಿ ಪರದೆಯ ಕಾಲರೇಖೆಯ ಮೇಲೆ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಈ ಪಟ್ಟಿಗೆ ಕ್ಲಿಪ್ ಎಂದೂ, ಅದನ್ನು ಬೇಕಾದೆಡೆ ಎರಡಾಗಿಸುವ ಕ್ರಿಯೆಗೆ ಸ್ಪ್ಲಿಟ್ ಎಂದೂ ಹೆಸರು. ಏಬಲ್ಟನ್ ಲೈವ್‌ನಲ್ಲಿ ಕಂಟ್ರೋಲ್ ಜೊತೆ ಇ, ಲಾಜಿಕ್ ಪ್ರೊದಲ್ಲಿ ಕಮ್ಯಾಂಡ್ ಜೊತೆ ಟಿ, ರೀಪರ್‌ನಲ್ಲಿ ಬರಿಯ ಎಸ್ ಒತ್ತಿದರೆ ಕೆಲಸ ಮುಗಿಯಿತು. ಆದರೆ ಇಷ್ಟೆಲ್ಲ ಹೆಚ್ಚಿದರೂ ವಾಸ್ತವದಲ್ಲಿ ಏನೂ ತುಂಡಾಗುವುದಿಲ್ಲ. ಕ್ಲಿಪ್ ಎಂಬುದು ಡಿಸ್ಕಿನಲ್ಲಿರುವ ಕಡತದ ಇಂತಿಷ್ಟು ಭಾಗವನ್ನು ನುಡಿಸತಕ್ಕದ್ದು ಎಂಬ ಚೀಟಿ ಮಾತ್ರ. ಅಣ್ಣತಮ್ಮಂದಿರು ಪಹಣಿಯಲ್ಲಿ ಪಾಲು ಮಾಡಿಕೊಂಡಾಗ ಭೂಮಿ ಬಿರಿಯದಿರುವಂತೆ, ಚೀಟಿ ಎರಡಾದರೂ ಕಡತ ಇದ್ದಂತೆಯೇ ಇರುತ್ತದೆ. ಪಾಲಾದ ಮೇಲೆ ಒಂದು ಕ್ಲಿಪ್ಪಿನ ಅಂಚನ್ನು ಹಿಡಿದೆಳೆದರೆ, ಬದುವನ್ನು ರಾತ್ರೋರಾತ್ರಿ ಸರಿಸಿದವನ ಹೊಲದಲ್ಲಿ ಪಕ್ಕದವನ ಪೈರು ಕಾಣಿಸುವಂತೆ, ಇನ್ನೊಂದು ಪಾಲಿನ ಧ್ವನಿಯೂ ಅದರೊಳಗೆ ಪ್ರತ್ಯಕ್ಷವಾಗುತ್ತದೆ. ಇಲ್ಲಿ ವ್ಯಾಜ್ಯ ಹೂಡುವವರಿಲ್ಲ ಎಂಬುದಷ್ಟೇ ವ್ಯತ್ಯಾಸ.

ಟೇಪಿನ ಕಾಲಕ್ಕೆ ಈ ಔದಾರ್ಯವಿರಲಿಲ್ಲ. ಸೆಕೆಂಡಿಗೆ 15 ಅಂಗುಲದಂತೆ ಓಡುವ ಪಟ್ಟಿಯನ್ನು ಕೈಯಿಂದ ಹಿಂದೆ ಮುಂದೆ ಜಗ್ಗಿ, ಕೊಯ್ಯುವ ಜಾಗವನ್ನು ಕಿವಿಯಿಂದಲೇ ಹುಡುಕಿ, ಪೆನ್ಸಿಲಿನಿಂದ ಗುರುತಿಟ್ಟು, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಅಂಟುಪಟ್ಟಿಯಿಂದ ಬೆಸೆಯಬೇಕಾಗಿತ್ತು. 1966ರಲ್ಲಿ ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಎರಡು ಮುದ್ರಣಗಳು ಶ್ರುತಿಯಲ್ಲೂ ಲಯದಲ್ಲೂ ಒಂದಕ್ಕೊಂದು ಹೊಂದದಿದ್ದರೂ ಎರಡೂ ಬೇಕೆಂದು ಜಾನ್ ಲೆನನ್ ಹಟ ಹಿಡಿದಾಗ, ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಇಂಜಿನಿಯರ್ ಜೆಫ್ ಎಮೆರಿಕ್ ಟೇಪಿನ ವೇಗವನ್ನು ಹೊಂದಿಸಿ, ಹಾಡಿನ ಒಂದನೆಯ ನಿಮಿಷದ ಆಸುಪಾಸಿನಲ್ಲಿ ಅವಕ್ಕೆ ಗಂಟು ಹಾಕಿದರು. ಆ ಒಂದು ಬೆಸುಗೆಯನ್ನು ರಸಿಕರು ಇಂದಿಗೂ ಕಿವಿಗೊಟ್ಟು ಹುಡುಕುತ್ತಾರೆ; ಇಂದಿನ ಬಳಕೆದಾರನು ಕಾಫಿ ಆರುವಷ್ಟರಲ್ಲಿ ನಲವತ್ತು ಕಡೆ ಕತ್ತರಿಸಿ, ಎಲ್ಲಿ ಕತ್ತರಿಸಿದನೆಂಬುದನ್ನು ತಾನೇ ಹುಡುಕುತ್ತಾನೆ. ಧ್ವನಿತರಂಗವು ಶೂನ್ಯರೇಖೆಯನ್ನು ದಾಟುವ ಕ್ಷಣವನ್ನು ಬಿಟ್ಟು ಮೇಲೋ ಕೆಳಗೋ ಕೊಯ್ದಾಗ ಕೇಳುವ ‘ಟಿಕ್’ ಎಂಬ ಸದ್ದೊಂದೇ ಅವನಿಗೆ ಸಿಗುವ ಸುಳಿವು.

ಹಾಡುವ ಕೆಲಸದ ಇತಿಹಾಸ ಇನ್ನೂ ಹಳೆಯದು. 1868ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಮತ್ತು ಸಂಗಡಿಗರು ಪೇಟೆಂಟ್ ಪಡೆದ ಬೆರಳಚ್ಚು ಯಂತ್ರದ ಕೀಲಿಗಳು ಪಿಯಾನೋದ ಕೀಲಿಗಳಂತೆಯೇ ಇದ್ದುದರಿಂದ, ಕೀಲಿಮಣೆ ಹಾಡಲು ಹೊರಟಿದೆಯೆಂದರೆ ತವರಿಗೆ ಮರಳಿದೆಯೆಂದೇ ತಿಳಿಯಬೇಕು. ಮರಳುವ ದಾರಿಗೆ ಮಿಡಿ ಎಂದು ಹೆಸರು. ಉಪ್ಪಿನಕಾಯಿಗೆ ಸಂಬಂಧಿಸದ ಈ ಮಿಡಿಯು, ಯಾವ ಸ್ವರ, ಎಷ್ಟು ಬಲ ಎಂಬುದನ್ನು ಅಂಕಿಗಳಲ್ಲಿ ಸಾಗಿಸಲು 1983ರಲ್ಲಿ ಬಳಕೆಗೆ ಬಂದ ಒಪ್ಪಂದವಾಗಿದ್ದು, ಅದರಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ.

ಲೈವ್‌ನಲ್ಲಿ ಎಮ್ ಒತ್ತಿದರೆ ಅಕ್ಷರಗಳು ಸ್ವರಗಳಾಗುತ್ತವೆ. ಎ ಇಂದ ಆರಂಭವಾಗುವ ಸಾಲು ಹಾರ್ಮೋನಿಯಂನ ಬಿಳಿ ಮನೆಗಳಾಗಿ, ಅದರ ಮೇಲಿನ ಸಾಲು ಕಪ್ಪು ಮನೆಗಳಾಗಿ ನಿಲ್ಲುತ್ತವೆ. ಹೀಗಾಗಿ ಯಕ್ಷಗಾನದವರ ಕಪ್ಪು ಮೂರು ಇಲ್ಲಿ ಟಿ ಆಗುತ್ತದೆ, ಗಾಯಕಿಯರ ಐದೂವರೆ ಮನೆ ವೈ ಆಗುತ್ತದೆ. ಪಾಶ್ಚಾತ್ಯರು ಸ್ವರಗಳನ್ನು ಅಕ್ಷರಗಳಿಂದಲೇ ಕರೆಯುವುದರಿಂದ ಗೊಂದಲಕ್ಕೆ ಮತ್ತಷ್ಟು ಪುಷ್ಟಿ ದೊರೆಯುತ್ತದೆ: ಎ ಒತ್ತಿದರೆ ಸಿ ನುಡಿಯುತ್ತದೆ, ಡಿ ಒತ್ತಿದರೆ ಇ ನುಡಿಯುತ್ತದೆ, ಇಡೀ ಮಣೆಯಲ್ಲಿ ಎಫ್ ಮತ್ತು ಜಿ ಎಂಬ ಎರಡೇ ಸತ್ಯಸಂಧರು ತಮ್ಮ ಹೆಸರನ್ನು ತಾವೇ ಹೇಳುತ್ತಾರೆ. ಆರ್ ಅಂತೂ ಎಷ್ಟು ಗುದ್ದಿದರೂ ಮೌನಿ, ಏಕೆಂದರೆ ಅದರ ಕೆಳಗಿನ ಎರಡು ಬಿಳಿ ಮನೆಗಳ ನಡುವೆ ಕಪ್ಪು ಮನೆಯೇ ಇಲ್ಲ. ಬೆರಳು ಮೆಲ್ಲಗೆ ತಾಕಿತೋ ಕೋಪದಿಂದ ಎರಗಿತೋ ಎಂಬುದನ್ನು ಅರಿಯದ ಈ ಮಣೆಯಿಂದ ಗಮಕ ನಿರೀಕ್ಷಿಸುವುದು, ಈಳಿಗೆಮಣೆಯ ಮೇಲೆ ಪವಡಿಸಿ ನಿದ್ದೆ ನಿರೀಕ್ಷಿಸಿದಂತೆ.

ಅನಾಹುತವು ಈ ಎರಡು ವೃತ್ತಿಗಳ ಗಡಿಯಲ್ಲಿ ಹುಟ್ಟುತ್ತದೆ. ತಾನು ನುಡಿಸುತ್ತಿದ್ದೇನೆಂದು ನಂಬಿದ ಬಳಕೆದಾರನು ಸ್ವರದ ಸ್ಥಿತಿಯನ್ನು ಆನ್ ಮಾಡಲು ಮರೆತಿದ್ದರೆ, ರೀಪರ್‌ನಲ್ಲಿ ಅವನು ಒತ್ತಿದ ಒಂದೊಂದು ಎಸ್ ಕೂಡ ಹಾಡುತ್ತಿರುವ ಕ್ಲಿಪ್ಪನ್ನು ತಾಳಕ್ಕೆ ಸರಿಯಾಗಿ ಹೆಚ್ಚುತ್ತ ಹೋಗುತ್ತದೆ; ಲಾಜಿಕ್‌ನಲ್ಲಿ ಅದೇ ಎಸ್ ಸೋಲೋ ಆಜ್ಞೆಯಾದ್ದರಿಂದ ಆಯ್ದ ಟ್ರ್ಯಾಕ್ ಒಂದನ್ನುಳಿದು ಪಕ್ಕವಾದ್ಯವೆಲ್ಲ ಬಾಯಿ ಮುಚ್ಚುತ್ತದೆ. ಸ್ವರದ ಸ್ಥಿತಿಯನ್ನು ಆಫ್ ಮಾಡಲು ಮರೆತವನ ಪಾಡು ಇದಕ್ಕೆ ತಿರುವುಮುರುವು: ಅವನು ಆಜ್ಞೆಗಳನ್ನು ಕೊಡುತ್ತ ಹೋಗುತ್ತಾನೆ, ಮುದ್ರಣ ನಡೆಯುತ್ತಿದ್ದರೆ ತಂತ್ರಾಂಶವು ಅವನ್ನೆಲ್ಲ ಭಕ್ತಿಯಿಂದ ಸ್ವರಗಳಾಗಿ ಬರೆದುಕೊಳ್ಳುತ್ತದೆ. ಯಂತ್ರಕ್ಕೆ ಕೀಲಿ ತಿಳಿಯುತ್ತದೆಯೇ ಹೊರತು ಮನಸ್ಸು ತಿಳಿಯುವುದಿಲ್ಲ; ಅಡುಗೆಮನೆಯ ಈಳಿಗೆಯಾದರೋ ಅಲಗನ್ನು ಎದುರಿಗೇ ತೋರಿಸಿಕೊಂಡು ಕೂರುವಷ್ಟು ಪ್ರಾಮಾಣಿಕ.

ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವೂ ಉಂಟು: ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಮಾಡಿದ ತಪ್ಪು ಮಾಡದಂತಾಗುತ್ತದೆ. ಆದರೆ ಲೈವ್‌ನ ಸ್ವರದ ಸ್ಥಿತಿಯಲ್ಲಿ ಬರಿಯ ಝಡ್ ಎಂದರೆ ಒಂದು ಸ್ಥಾಯಿ ಕೆಳಗಿಳಿ ಎಂದರ್ಥ. ಆದ್ದರಿಂದ ಪಶ್ಚಾತ್ತಾಪದ ಆತುರದಲ್ಲಿ ಕಂಟ್ರೋಲ್ ತಪ್ಪಿದವನಿಗೆ, ಮಾಡಿದ ತಪ್ಪೂ ಹಾಗೆಯೇ ಉಳಿದು, ಮುಂದಿನ ತಪ್ಪು ಮಂದ್ರದಲ್ಲಿ ಕೇಳಿಸುತ್ತದೆ.