ಚೀಕಲಪರ್ವಿ ವಿದೇಶಯಾತ್ರಾ ನಿರ್ಣಯ

ಕಾಲನಿರ್ಣಯದ ಶಾಸ್ತ್ರದಲ್ಲಿ ನಮ್ಮ ಹಿರಿಯರು ಬಿಟ್ಟುಹೋದ ವಿಷಯ ಬಹಳ ಕಡಿಮೆ. ಇದೇ ತುಂಗಭದ್ರೆಯ ಮೇಲ್ಭಾಗದಲ್ಲಿ, ವಿಜಯನಗರದ ಬುಕ್ಕರಾಯನ ಕಾಲದಲ್ಲಿ, ಮಾಧವಾಚಾರ್ಯರು ‘ಕಾಲಮಾಧವ’ ಬರೆದು ಯಾವ ತಿಥಿಗೆ ಯಾವ ಕರ್ಮವೆಂದು ಗೊತ್ತುಮಾಡಿದರು. 1612ರಲ್ಲಿ ಕಾಶಿಯ ಕಮಲಾಕರ ಭಟ್ಟರು ‘ನಿರ್ಣಯಸಿಂಧು’ ಮುಗಿಸಿ ಉಳಿದ ಅನುಮಾನಗಳನ್ನೂ ತೀರಿಸಿದರು. ಉಪವಾಸ ಯಾವಾಗ, ಕ್ಷೌರ ಯಾವಾಗ, ಗ್ರಹಣ ಹಿಡಿದಾಗ ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಬೇಕೋ ಬೇಡವೋ, ಎಲ್ಲಕ್ಕೂ ಉತ್ತರ ಹುಡುಕಿಕೊಳ್ಳಬಹುದು. ಆದರೆ ಮಗಳು ಡಲ್ಲಾಸಿನಿಂದ ಫೋನು ಮಾಡಿ ‘ಐದು ತಿಂಗಳು ಬಂದು ಇರ್ರಿ’ ಅಂದರೆ ಯಾವಾಗ ಹೊರಡಬೇಕು ಎಂಬಲ್ಲಿ ಇಬ್ಬರೂ ಮೌನ. ಈ ಮೌನವನ್ನು ಪ್ರವಾಸದ ಏಜೆಂಟರು ತುಂಬಿದ್ದಾರೆ. ಅಲ್ಲಿ ಹೂವು ಅರಳುವುದು ಯಾವಾಗ, ಹಿಮ ಕರಗುವುದು ಯಾವಾಗ, ಹೋಟೆಲು ಅಗ್ಗವಾಗುವುದು ಯಾವಾಗ ಎಂಬುದು ಅವರ ಲೆಕ್ಕ. ತಪ್ಪು ಇರುವುದೇ ಇಲ್ಲಿ. ಚೀಕಲಪರ್ವಿಯವರಿಗೆ ಅಲ್ಲಿ ಯಾವಾಗ ಚೆನ್ನಾಗಿರುತ್ತದೆ ಎಂಬುದು ಪ್ರಶ್ನೆಯಲ್ಲ. ಇಲ್ಲಿಂದ ಯಾವಾಗ ಬಿಡುಗಡೆ ಎಂಬುದು ಪ್ರಶ್ನೆ. ಪ್ರಸ್ತುತ ಗ್ರಂಥದ ಪ್ರತಿಜ್ಞೆ ಇಷ್ಟೇ: ದೀರ್ಘ ವಿದೇಶ ಪ್ರವಾಸಕ್ಕೆ ಕಾಲ ಅಧಿಕ ಮಾಸ, ದೇಶ ಅಳಿಯ ಇರುವ ಊರು, ಮತ್ತು ಇವೆರಡನ್ನೂ ಕಟ್ಟಿಹಾಕುವ ದಾರ ಮೂವತ್ತಮೂರು ಅನಾರಸ.

ಮೊದಲು ‘ವಿದೇಶ’ ಎಂದರೇನೆಂದು ತೀರ್ಮಾನವಾಗಬೇಕು. ಮಾನ್ವಿ ಸೀಮೆಯ ಚೀಕಲಪರ್ವಿ ತುಂಗಭದ್ರಾ ಹೊಳೆಯ ಎಡದಂಡೆಯಲ್ಲಿದೆ. 1800ರಲ್ಲಿ ನಿಜಾಮರು ಬಳ್ಳಾರಿ, ಕರ್ನೂಲು ಕಡೆಯ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಲದಂಡೆ ಇಂಗ್ಲಿಷರದಾಯಿತು, ಎಡದಂಡೆ ಹೈದರಾಬಾದಿನದಾಗಿ ಉಳಿಯಿತು. ಹರಿಗೋಲು ಹತ್ತಿ ಇಳಿದರೆ ರಾಜ ಬೇರೆ, ಕಾನೂನು ಬೇರೆ, ನಾಣ್ಯವೂ ಬೇರೆ; ನಿಜಾಮರ ಏಳು ಹಾಲಿ ರೂಪಾಯಿ ಕೊಟ್ಟರೆ ಇಂಗ್ಲಿಷರ ಸುಮಾರು ಆರು ಕಲ್ದಾರು. ಸರಕಿಗೆ ಸುಂಕ ಕೇಳಲು ನಿಜಾಮರ ಕರೋಡಗಿರಿ ಇಲಾಖೆ ಇತ್ತು. ಇಂದು ವಿಮಾನ ನಿಲ್ದಾಣದಲ್ಲಿ ಸಿಗುವ ಎಲ್ಲ ಕಿರುಕುಳವೂ 1948ರ ತನಕ ಹೊಳೆಯ ದಡದಲ್ಲೇ ಸಿಗುತ್ತಿತ್ತು, ಅದೂ ಹುಷಾರಾಗಿ ಧೋತರ ಎತ್ತಿಕೊಂಡು ದಾಟುವಷ್ಟು ನೀರಿರುವ ಬೇಸಿಗೆಯಲ್ಲಿ. ವಿಜಯದಾಸರು 1682ರಲ್ಲಿ ಹುಟ್ಟಿದ್ದು ಈ ಊರಲ್ಲಿ. 1755ರಲ್ಲಿ ದೇಹ ಬಿಟ್ಟದ್ದು ಹೊಳೆಯಾಚೆಯ ಚಿಪ್ಪಗಿರಿಯಲ್ಲಿ. ಹಾಗಾಗಿ ವಿದೇಶದಲ್ಲಿ ನೆಲೆಸಿದ ಮೊದಲ ಚೀಕಲಪರ್ವಿಯವರು ಅವರೇ ಎನ್ನಬೇಕು. ಅವರು ಹೋದಾಗ ಅದಿನ್ನೂ ವಿದೇಶವಾಗಿರಲಿಲ್ಲ ಎಂಬುದು ಸಣ್ಣ ತೊಡಕು. ಮುಂದೆ ಆಗಲಿದ್ದುದನ್ನು ದಾಸರು ಮೊದಲೇ ಕಂಡಿರಬೇಕು ಎಂದರೆ ತೊಡಕು ಬಿಚ್ಚುತ್ತದೆ. ಇನ್ನು ಸಮುದ್ರ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ದೋಷಗಳಲ್ಲಿ ಸೇರಿಸುತ್ತದೆ, ನಿಜ. ಆದರೆ ಶಂಷಾಬಾದಿನಲ್ಲಿ ವಿಮಾನ ಹತ್ತಿದವರ ಕಾಲಿಗೆ ನೀರೇ ತಾಗುವುದಿಲ್ಲ. ನೀರು ತಾಗದಿದ್ದರೆ ಯಾನವಿಲ್ಲ, ಯಾನವಿಲ್ಲದಿದ್ದರೆ ದೋಷವಿಲ್ಲ. ಈ ‘ಜಲಾಸ್ಪರ್ಶ ನ್ಯಾಯ’ ಮುಂದೆಯೂ ಬೇಕಾಗುತ್ತದೆ.

ಈಗ ಕಾಲ. ಹನ್ನೆರಡು ತಿಂಗಳು ಇಟ್ಟುಕೊಂಡು ಕಳೆಯುತ್ತ ಬರೋಣ. ಚೈತ್ರದಲ್ಲಿ ಯುಗಾದಿ, ಹಳೆಯ ಸಾಲದ ಲೆಕ್ಕ. ವೈಶಾಖವೆಲ್ಲ ಮದುವೆ, ಲಗ್ನಪತ್ರಿಕೆ ಕೊಟ್ಟವರ ಮನೆಗೆ ಹೋಗದಿದ್ದರೆ ನಮ್ಮ ಮನೆಯ ಮದುವೆಗೆ ಅವರು ಬರುವುದಿಲ್ಲ, ಆಯೇರಿಯ ಪಟ್ಟಿ ಬರೆದಿಟ್ಟವರು ಮೂರು ತಲೆಮಾರು ಮರೆಯುವುದಿಲ್ಲ. ಜ್ಯೇಷ್ಠದಲ್ಲಿ ಕಾರಹುಣ್ಣಿಮೆ, ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢಕ್ಕೆ ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ, ಶ್ರಾವಣದಲ್ಲಿ ಪಂಚಮಿ ಮತ್ತು ಮಂತ್ರಾಲಯದ ರಾಯರ ಆರಾಧನೆ. ಭಾದ್ರಪದದಲ್ಲಿ ಗಣಪತಿ, ನವಮಿಗೆ ಮಾನ್ವಿಯ ಜಗನ್ನಾಥದಾಸರ ಆರಾಧನೆ, ಆಮೇಲೆ ಪಕ್ಷ. ಪಿತೃಗಳು ಡಲ್ಲಾಸಿಗೆ ಬರುತ್ತಾರೋ ಇಲ್ಲವೋ ಎಂಬುದು ಇನ್ನೊಂದು ಗ್ರಂಥದ ವಿಷಯ. ದಸರೆ, ದೀಪಾವಳಿ, ಕಾರ್ತಿಕ ಶುದ್ಧ ದಶಮಿಗೆ ಊರಿನ ವಿಜಯದಾಸರ ಆರಾಧನೆ. ಅಂದು ಊರಲ್ಲಿ ಇರದವನನ್ನು ಊರಿನವನೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟರಲ್ಲಿ ಭತ್ತ ಬಾಗಿರುತ್ತದೆ, ಕೊಯ್ಯುವ ಯಂತ್ರದವನು ಇಂದು ಬರುತ್ತೇನೆಂದು ಎಂಟು ದಿನ ಬರುವುದಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಬೇಕು. ನಂತರ ಎರಡನೇ ಬೆಳೆಗೆ ನೀರು ಕೊಟ್ಟರೆ ಆ ಚಿಂತೆ, ಕೊಡದಿದ್ದರೆ ಕೊಡಿ ಎಂದು ಕೇಳುವ ಚಿಂತೆ. ಕಾಲುವೆಯ ಕೊನೆಭಾಗದವರಿಗೆ ಎರಡೂ ಚಿಂತೆ. ಹನ್ನೆರಡರಿಂದ ಹನ್ನೆರಡು ಕಳೆದರೆ ಉಳಿದದ್ದು ಸೊನ್ನೆ. ರಜೆ ಸಿಗುವುದಿಲ್ಲವೆಂದು ಬೆಂಗಳೂರಿನ ನೌಕರ ಗೊಣಗುತ್ತಾನಲ್ಲ, ಅವನ ಮೇಲೆ ಇರುವುದು ಒಬ್ಬನೇ ಸಾಹೇಬ. ಇಲ್ಲಿ ಪ್ರತಿ ತಿಥಿಯೂ ಒಬ್ಬ ಸಾಹೇಬ.

ಸೊನ್ನೆಯಿಂದ ಪಾರಾಗಲು ಹದಿಮೂರನೆಯ ತಿಂಗಳೇ ಬೇಕು, ಅದನ್ನು ಪಂಚಾಂಗ ಇಟ್ಟಿದೆ. ಸೂರ್ಯನ ವರ್ಷಕ್ಕೂ ಚಂದ್ರನ ವರ್ಷಕ್ಕೂ ಹನ್ನೊಂದು ದಿನದ ಅಂತರ. ಸರ್ಕಾರಿ ನೌಕರ ಗಳಿಕೆ ರಜೆ ಕೂಡಿಡುವಂತೆ ಚಂದ್ರ ಈ ಹನ್ನೊಂದು ದಿನಗಳನ್ನು ಕೂಡಿಟ್ಟು, ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಟ್ಟಿಗೆ ಖರ್ಚು ಮಾಡುತ್ತಾನೆ. 19 ವರ್ಷಕ್ಕೆ ಏಳು ಸಲ. ಈ ತಿಂಗಳಲ್ಲಿ ಮದುವೆ ಇಲ್ಲ, ಮುಂಜಿವೆ ಇಲ್ಲ, ಮನೆಶಾಂತಿ ಇಲ್ಲ. ಆದ್ದರಿಂದ ಪತ್ರಿಕೆ ಹಿಡಿದು ಬಾಗಿಲಿಗೆ ಯಾರೂ ಬರುವುದಿಲ್ಲ. ಊರು ಬಿಟ್ಟರೂ ಒಬ್ಬರಿಗೂ ಸಿಟ್ಟು ಬರದ ತಿಂಗಳು ಇದೊಂದೇ. 2026ರಲ್ಲಿ ಅದು ಅಧಿಕ ಜ್ಯೇಷ್ಠವಾಗಿ ಮೇ 17ರಿಂದ ಜೂನ್ 15ರ ತನಕ ಬೀಳುವುದನ್ನು ಗಮನಿಸಬೇಕು. ಅದು ರಾಯಚೂರಿನ ಬಿಸಿಲು ಕಲ್ಲನ್ನೂ ಬೇಯಿಸುವ ಹೊತ್ತು, ಕಾಲುವೆ ಒಣಗಿರುವ ಹೊತ್ತು. ಇಷ್ಟೂ ಸಾಲದೆಂದು ಸಂಖ್ಯೆಗಳು ಬಂದು ಸಾಕ್ಷಿ ನುಡಿಯುತ್ತವೆ. ಅಧಿಕ ಮಾಸದಲ್ಲಿ ದಾನ ಕೊಡಬೇಕಾದ ಅಪೂಪ, ಅಂದರೆ ನಮ್ಮ ಅನಾರಸ, 33. ತುಂಗಭದ್ರಾ ಅಣೆಕಟ್ಟಿನ ಕ್ರೆಸ್ಟ್ ಗೇಟುಗಳೂ 33. ಅಧಿಕ ಮಾಸದ ಚಕ್ರ 19 ವರ್ಷದ್ದು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಹರಿದು ಕೊಚ್ಚಿಹೋದದ್ದು 19ನೆಯ ಗೇಟು. ಇದು ಕಾಕತಾಳೀಯ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಕಾಕತಾಳೀಯವೂ ನ್ಯಾಯಗಳಲ್ಲೇ ಒಂದು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಅಧಿಕ ಮಾಸ ಮೂವತ್ತೇ ದಿನ, ಅಮೆರಿಕದ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ, ಉಳಿದ ತಿಂಗಳ ಗತಿಯೇನು? ಇದಕ್ಕೆ ದೇಹಲೀದೀಪ ನ್ಯಾಯ. ಹೊಸ್ತಿಲ ಮೇಲಿಟ್ಟ ದೀಪ ಒಳಮನೆಗೂ ಬೆಳಕು, ಅಂಗಳಕ್ಕೂ ಬೆಳಕು. ಅಧಿಕ ಮಾಸಕ್ಕೆಂದು ಹೊರಟವನು ಹಿಂದಿನ ಹದಿನೈದು ದಿನ ‘ಹೊರಟಿದ್ದಾನೆ’ ಎಂದೂ, ಮುಂದಿನ ನಾಲ್ಕು ತಿಂಗಳು ‘ಹೋದವನು ಇನ್ನೂ ಬಂದಿಲ್ಲ’ ಎಂದೂ ಮಾಫಿ ಪಡೆಯುತ್ತಾನೆ. ಎರಡನೆಯ ಆಕ್ಷೇಪ ಗಟ್ಟಿಯದು. ಈ ಮಾಸದಲ್ಲಿ ಹಿಂದೆಂದೂ ನೋಡದ ತೀರ್ಥವನ್ನೂ ದೇವರನ್ನೂ ಮೊದಲ ಸಲ ನೋಡಬಾರದೆಂದು ನಿಬಂಧಕಾರರು ಹೇಳಿದ್ದಾರೆ, ಹಾಗಾದರೆ ನಯಾಗರ? ನಯಾಗರದ ದೋಣಿ ಹತ್ತುವಾಗ ಎಲ್ಲರಿಗೂ ತೆಳ್ಳನೆಯ ಪ್ಲಾಸ್ಟಿಕ್ ಅಂಗಿ ಕೊಡುತ್ತಾರೆ, ಅಮೆರಿಕದ ದಡದಲ್ಲಿ ನೀಲಿ, ಕೆನಡಾದ ದಡದಲ್ಲಿ ಕೆಂಪು. ಸೀರೆಯ ಮೇಲೆ ಅದನ್ನು ತೊಟ್ಟು, ಸೆರಗು ಒಳಗೆ ಸಿಕ್ಕಿಸಿ, ಟೊಪ್ಪಿಗೆಯ ದಾರ ಗದ್ದದ ಕೆಳಗೆ ಬಿಗಿದು ನಿಂತ ಅತ್ತೆಯವರ ಮೈಗೆ ಹನಿಯೂ ತಾಗುವುದಿಲ್ಲ, ಅಥವಾ ತಾಗಿಲ್ಲವೆಂದು ಅವರೇ ಹೇಳುತ್ತಾರೆ. ಜಲಾಸ್ಪರ್ಶ ನ್ಯಾಯದಿಂದ ಅದು ತೀರ್ಥಸ್ನಾನವಲ್ಲ. ಪಿಟ್ಸ್‌ಬರ್ಗಿನ ವೆಂಕಟೇಶ್ವರನೋ, ತಿರುಪತಿಯಲ್ಲಿ ಆಗಲೇ ನೋಡಿದವನೇ. ಊರು ಹೊಸದು, ದೇವರು ಹೊಸಬನಲ್ಲ. ಮೇ ತಿಂಗಳಲ್ಲಿ ಟಿಕೆಟ್ಟು ದುಬಾರಿ ಎಂಬ ಮೂರನೆಯ ಆಕ್ಷೇಪಕ್ಕೆ ಉತ್ತರವೇ ಬೇಡ, ಟಿಕೆಟ್ಟು ತೆಗೆಸುವವನು ಅಳಿಯ.

ಪಂಚಾಂಗಕ್ಕಿಂತ ಮಳೆಯ ನಕ್ಷತ್ರ ನೋಡುವ ಒಕ್ಕಲಿಗರು ಈ ಅಧಿಕವೆಲ್ಲ ನಮಗೇಕೆ ಎಂದು ಕೇಳಬಹುದು. ಕೇಳುವುದು ಸರಿ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ನಂಬಿದ ಎರೆಹೊಲದವರು ಮೇ ಕೊನೆಗೆ ಊರಲ್ಲಿರಲೇಬೇಕು, ಮೃಗಶಿರಕ್ಕೆ ಹತ್ತಿಬೀಜ ಊರಬೇಕು. ಅಂಥವರಿಗೆ ಈ ಗ್ರಂಥ ಒಂದೇ ವಿನಾಯಿತಿ ಕೊಡುತ್ತದೆ: ಹೊಲವನ್ನು ಲೀಸಿಗೆ ಹಾಕುವುದು. ಹಾಕಲು ಮನಸ್ಸಿಲ್ಲದಿದ್ದರೆ ಹೊಳೆ ದಾಟಿ ಚಿಪ್ಪಗಿರಿಗೆ ಹೋಗಿಬರುವುದು. ಮೇಲಿನ ವ್ಯಾಖ್ಯೆಯಂತೆ ಅದೂ ವಿದೇಶವೇ.

ಉಳಿದದ್ದು ದೇಶನಿರ್ಣಯ, ಇದು ಕಾಲನಿರ್ಣಯದ ಹೊಟ್ಟೆಯಲ್ಲೇ ಇದೆ. ಅಧಿಕ ಮಾಸದ ದಾನಕ್ಕೆ ಪಾತ್ರನು ಬೇಕು, ನಮ್ಮ ಕಡೆ ಆ ಪಾತ್ರ ಅಳಿಯನದು. ಕಂಚಿನ ತಟ್ಟೆಯಲ್ಲಿ ಮೂವತ್ತಮೂರು ಅನಾರಸ ಇಟ್ಟು, ತುಪ್ಪ, ದೀಪ, ದಕ್ಷಿಣೆ ಸಹಿತ ಕೈಗೆ ಕೊಡಬೇಕು. ಕೊರಿಯರಿನವನು ಕೊಟ್ಟರೆ ಫಲ ಕೊರಿಯರಿನವನಿಗೆ. ಸ್ವಿಟ್ಜರ್ಲೆಂಡ್ ಚೆಂದ, ಅಲ್ಲಿಗೇಕೆ ಹೋಗಬಾರದು ಎಂದರೆ, ಅಲ್ಲಿ ಅನಾರಸ ತೆಗೆದುಕೊಳ್ಳುವವರು ಯಾರು? ಮಗ ಲಂಡನ್ನಿನಲ್ಲಿದ್ದರೆ? ಮಗನಿಗೆ ದಾನ ಕೊಟ್ಟರೆ ಬಲಗೈಯದು ಎಡಗೈಗೆ ಬಂದಂತೆ. ಆ ಕಡೆ ಕಣ್ಣು ಹಾಯಿಸಬೇಕಾದವರು ಸೊಸೆಯ ತವರಿನವರು. ಆದರೆ ಅಳಿಯ ಇದ್ದ ಮಾತ್ರಕ್ಕೆ ಎಲ್ಲ ದೇಶವೂ ಆಗಿಬರುವುದಿಲ್ಲ. ಅನಾರಸ ಆಗುವ ಬಗೆಯನ್ನೇ ನೋಡಿ: ಮೂರು ದಿನ ನೆನೆಸಿದ ಅಕ್ಕಿಯನ್ನು ಅರೆಒಣಗಿಸಿ ಕುಟ್ಟಿ, ಬೆಲ್ಲ ಕೂಡಿಸಿ ಹಿಟ್ಟನ್ನು ಇಟ್ಟು, ಬಾಳೆಲೆಯ ಮೇಲೆ ಗಸಗಸೆ ಉದುರಿಸಿ, ಅದರ ಮೇಲೆ ಉಂಡೆ ತಟ್ಟಿ, ಗಸಗಸೆಯ ಮೈ ಮೇಲಾಗುವಂತೆ ತುಪ್ಪಕ್ಕೆ ಬಿಡುತ್ತಾರೆ, ಜಾಲರಿಯಂತೆ ಅರಳಿದರೆ ಗೆದ್ದಂತೆ. ಈ ಗಸಗಸೆಯೇ ದುಬೈಯಲ್ಲಿ ನಿಷಿದ್ಧ, ಸೌದಿಯಲ್ಲಿ ನಿಷಿದ್ಧ, ಸಿಂಗಪುರದಲ್ಲೂ ನಿಷಿದ್ಧ. ಅಫೀಮಿನ ಗಿಡದ ಬೀಜವೆಂದು ಹಿಡಿಯುತ್ತಾರೆ. ಒಂದೊಂದಕ್ಕೆ ಅರ್ಧ ಚಮಚೆಯಂತೆ ಮೂವತ್ತಮೂರಕ್ಕೆ ಹದಿನಾರೂವರೆ ಚಮಚೆ. ಇಷ್ಟು ಗಸಗಸೆಯ ಸಮೇತ ಸಿಕ್ಕಿಬಿದ್ದ ಅತ್ತೆಮಾವಂದಿರು ಅಧಿಕ ಮಾಸದ ಮಹಿಮೆಯನ್ನು ದುಬೈ ಪೊಲೀಸರಿಗೆ ಅರಬ್ಬಿಯಲ್ಲಿ ವಿವರಿಸಬೇಕಾಗುತ್ತದೆ. ಗಸಗಸೆಯ ಬದಲು ಎಳ್ಳು ಹಚ್ಚಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಹಚ್ಚುವ ಮನೆಗಳೂ ಇವೆ. ಆದರೆ ಬದುಕಿರುವ ಅಳಿಯನ ಅಂಗೈಗೆ ಎಳ್ಳು ಇಡುವಾಗ ಮಗಳ ಮುಖ ಹೇಗಾಗುತ್ತದೆಂದು ಅವರು ಯೋಚಿಸಿದಂತಿಲ್ಲ. ಆದ್ದರಿಂದ ಗಸಗಸೆಗೆ ತಂಟೆಯಿಲ್ಲದ ದೇಶವೇ ಪ್ರಶಸ್ತ, ಅಮೆರಿಕ ಇದರಲ್ಲಿ ಪಾಸು. ಕಸ್ಟಮ್ಸಿನವರು ತಿನಿಸು ಇದೆಯೇ ಎಂದು ಕೇಳಿದಾಗ ಇದೆ ಎಂದೇ ಹೇಳಬೇಕು, ಎಷ್ಟು ಎಂದರೆ ಮೂವತ್ತಮೂರು ಎನ್ನಬೇಕು, ದಾರಿಯಲ್ಲಿ ಒಂದನ್ನು ತಿಂದಿರಬಾರದು.

ಇಬ್ಬರು ಅಳಿಯಂದಿರಿದ್ದು ಒಬ್ಬ ಡಲ್ಲಾಸ್, ಇನ್ನೊಬ್ಬ ಸಿಡ್ನಿ ಎಂದಾದರೆ ಮಾತ್ರ ಸಿದ್ಧಾಂತ ಸ್ವಲ್ಪ ನಡುಗುತ್ತದೆ. ತಲಾ ಹದಿನಾರೂವರೆ ಅನಾರಸ ಕೊಡುವುದು ಅರ್ಧಜರತೀಯ ನ್ಯಾಯ, ಅರ್ಧ ಮುದುಕಿ ಅರ್ಧ ಯುವತಿ ಮಾಡಿದಂತೆ. ಸಿಡ್ನಿಯಲ್ಲಿ ಜ್ಯೇಷ್ಠ ಅಂದರೆ ಚಳಿಗಾಲ, ಮೇಲಾಗಿ ಆಸ್ಟ್ರೇಲಿಯದವರು ಪೆಟ್ಟಿಗೆಯಲ್ಲಿ ತಿನ್ನುವ ಪದಾರ್ಥ ಕಂಡರೆ ಹಾವು ಕಂಡವರಂತೆ ಆಡುತ್ತಾರೆ. ಹಿರಿಯ ಅಳಿಯನಿಗೆ ಈ ಸಲ, ಕಿರಿಯನಿಗೆ ಮುಂದಿನ ಸಲ ಎಂಬುದೇ ನಿರ್ಣಯ. ಮುಂದಿನದು 2029ರ ಅಧಿಕ ಚೈತ್ರ. ಅಲ್ಲಿಯ ತನಕ ಕಿರಿಯ ಅಳಿಯ ಸಿಡ್ನಿಯ ನೌಕರಿ ಬಿಡಬಾರದು. ಬಿಟ್ಟು ದುಬೈಗೆ ಹೋದರೆ ಎಳ್ಳು.