ಬಂದೂಕಿನ ಎಣ್ಣೆ-ನೀರು

ಬಂದೂಕು ಹಿಡಿದವರ ಕೆಲಸ ಗುಂಡು ಹಾರಿಸುವುದು ಎಂದು ನಂಬಿದವರು ಸಿನಿಮಾ ನೋಡಿ ಕೆಟ್ಟವರು. ಎನ್‌ಸಿಸಿಯಲ್ಲಿದ್ದವರನ್ನೋ ತಾಲ್ಲೂಕು ಠಾಣೆಯ ಪೇದೆಯನ್ನೋ ಕೇಳಿ ನೋಡಿ. ಬಂದೂಕು ಹಿಡಿದವರ ಕೆಲಸ ಬಂದೂಕು ಒರೆಸುವುದು. ಗುಂಡು ವರ್ಷಕ್ಕೊಮ್ಮೆ ಸಿಕ್ಕರೆ ಸಿಕ್ಕಿತು, ಚಿಂದಿ ಮಾತ್ರ ಪರೇಡಿಗೊಮ್ಮೆ ಸಿಗುತ್ತದೆ.

ಸೇಡಂನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ನಮ್ಮ ಹೆಗಲಿಗೆ ಬಂದದ್ದು ‘ಥ್ರೀ ನಾಟ್ ಥ್ರೀ’, ಅಂದರೆ .303 ಲೀ-ಎನ್‌ಫೀಲ್ಡ್ ಬಂದೂಕು. ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಅದರ ಬೋಲ್ಟು ರೂಪಿಸಿದ, ಲಂಡನ್ ಪಕ್ಕದ ಎನ್‌ಫೀಲ್ಡ್ ಕಾರ್ಖಾನೆ ಹೆಸರಿನ ಉಳಿದರ್ಧ ಕೊಟ್ಟಿತು, 1895ರಲ್ಲಿ ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿಕೊಂಡಿತು. ಮುಂದೆ ಬಂಗಾಳದ ಇಷಾಪುರದಲ್ಲೂ ತಯಾರಾಯಿತು. ಹತ್ತು ಗುಂಡಿನ ಮ್ಯಾಗಜಿನ್, ನಾಲ್ಕು ಕಿಲೋ ತೂಕ, ಎರಡು ಮಹಾಯುದ್ಧಗಳ ಅನುಭವ. ಇಷ್ಟೆಲ್ಲ ಘನತೆಯ ಬಂದೂಕು ನಮ್ಮ ಕೈ ಸೇರುವಷ್ಟರಲ್ಲಿ ‘ಡಿ.ಪಿ.’ ಆಗಿತ್ತು, ಅಂದರೆ ಡ್ರಿಲ್ಲಿಗೆ ಮಾತ್ರ. ಗುಂಡು ಹಾರಬಾರದೆಂದು ನಳಿಗೆಗೇ ತೂತು ಕೊರೆದಿದ್ದರು. ಅದರಿಂದ ಇಲಿಯನ್ನೂ ಹೆದರಿಸುವ ಹಾಗಿರಲಿಲ್ಲ. ಆದರೂ ಪ್ರತಿ ಪರೇಡು ಮುಗಿದ ಮೇಲೆ ಅದರ ನಳಿಗೆ ಥಳಥಳ ಹೊಳೆಯಬೇಕು.

ನಮ್ಮಲ್ಲೊಬ್ಬ ಧೈರ್ಯವಂತ ಕಲಬುರಗಿ ಬೆಟಾಲಿಯನ್ನಿನಿಂದ ಬರುತ್ತಿದ್ದ ಹವಾಲ್ದಾರರನ್ನು ಕೇಳಿಯೇ ಬಿಟ್ಟ: “ಉಸ್ತಾದ್‌ಜಿ, ಇದು ಹಾರೂದೇ ಇಲ್ಲಲ್ರೀ. ಒಳಗ ಯಾಕ್ ಸ್ವಚ್ಛ ಮಾಡಬೇಕ್ರಿ?”

ಉಸ್ತಾದರು ಮೀಸೆಯನ್ನೂ ಅಲುಗಿಸದೆ ಹೇಳಿದರು: “ಪರೀಕ್ಷೆದಾಗ ನೀ ಪಾಸ್ ಆಗಲ್ಲಂತ ಊರಿಗೇ ಗೊತ್ತದ. ಆದ್ರೂ ದಿನಾ ಜಳಕಾ ಯಾಕ್ ಮಾಡ್ತಿ?”

ಅಲ್ಲಿಗೆ ಪ್ರಶ್ನೋತ್ತರ ಮುಗಿದು ಚಿಂದಿ ಶುರುವಾಯಿತು.

ಎಲ್ಲಕ್ಕೂ ಮೊದಲು ಬಂದೂಕು ಖಾಲಿ ಇದೆಯೋ ಎಂದು ನೋಡಬೇಕು. ಮ್ಯಾಗಜಿನ್ ತೆಗೆ, ಬೋಲ್ಟು ಹಿಂದೆಳೆ, ಒಳಗೆ ಇಣುಕು, ಕಿರುಬೆರಳು ಹಾಕಿ ಮುಟ್ಟಿಯೂ ನೋಡು. ನಳಿಗೆಯಲ್ಲಿ ತೂತಿರುವ ಬಂದೂಕಿಗೂ ಈ ಶಾಸ್ತ್ರ ತಪ್ಪದು, ಏಕೆಂದರೆ ಕಲಿಯುವುದು ಬಂದೂಕಲ್ಲ, ಕೈ. ಆಮೇಲೆ ಬೋಲ್ಟನ್ನು ಹೊರಗೆ ತೆಗೆದು ಶಹಾಬಾದ್ ಫರ್ಸಿಯ ಮೇಲೆ ಸಾಲಾಗಿ ಇಡಬೇಕು. ಬೋಲ್ಟಿನ ಮೇಲೊಂದು ನಂಬರು, ಬಂದೂಕಿನ ಮೇಲೂ ಅದೇ ನಂಬರು. ಪ್ರತಿ ಬೋಲ್ಟನ್ನೂ ಅದರದೇ ಬಂದೂಕಿಗೆ ಹೊಂದಿಸಿ ಕೂರಿಸಿರುತ್ತಾರಾದ್ದರಿಂದ ಅದಲುಬದಲು ಮಾಡುವಂತಿಲ್ಲ. ಪರೇಡು ಮುಗಿಸಿ ಹಸಿದ ಹುಡುಗರು ಹತ್ತಾರು ಬೋಲ್ಟು ಒಂದೇ ಫರ್ಸಿಯ ಮೇಲೆ ಹರಡಿಕೊಂಡು ಕುಳಿತರೆ, ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿ ಹುಡುಕಿದ ಹಾಗೆಯೇ.

ಒರೆಸುವ ಸಾಮಾನು ಬಂದೂಕಿನ ಹೊಟ್ಟೆಯಲ್ಲೇ ಇರುತ್ತದೆ. ಹೆಗಲಿಗೆ ಆನಿಸುವ ಬಟ್ಟಿನ ಹಿಂಬದಿಗೆ ಹಿತ್ತಾಳೆಯ ಪುಟ್ಟ ಬಾಗಿಲು. ಅದನ್ನು ತೆರೆದರೆ ಒಂದು ಎಣ್ಣೆ ಕುಪ್ಪಿ ಮತ್ತು ಸುರುಳಿ ಸುತ್ತಿದ ‘ಪುಲ್ ಥ್ರೂ’ ಎಂಬ ಹಗ್ಗ. ಹಗ್ಗದ ಒಂದು ತುದಿಗೆ ಹಿತ್ತಾಳೆಯ ಗುಂಡು, ಇನ್ನೊಂದು ತುದಿಗೆ ಕುಣಿಕೆಗಳು. ಗುಂಡನ್ನು ಬೋಲ್ಟಿನ ಕಡೆಯಿಂದ ಒಳಗೆ ಬಿಟ್ಟು, ಕುಣಿಕೆಗೆ ಚಿಂದಿ ಸಿಕ್ಕಿಸಿ, ಬಾಯಿಯ ಕಡೆಯಿಂದ ಒಂದೇ ಉಸಿರಿಗೆ ಎಳೆಯಬೇಕು. ನಡುವೆ ನಿಂತರೆ ಚಿಂದಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾದಾಗ ಹಿಂದಕ್ಕೆ ಎಳೆದು ತೆಗೆಯಲೆಂದೇ ಒಂದು ಕುಣಿಕೆ ಉಂಟು. ಮನುಷ್ಯ ಎಡವಿಯೇ ಎಡವುತ್ತಾನೆಂದು ಮೊದಲೇ ತಿಳಿದು ಮಾಡಿದ ಏರ್ಪಾಡು ಅದು. ಹಗ್ಗ ಓರೆಯಾಗಿ ನಳಿಗೆಯ ಬಾಯಂಚಿಗೆ ಉಜ್ಜಬಾರದು. ವರ್ಷಗಟ್ಟಲೆ ಹಾಗೆ ಉಜ್ಜಿದರೆ ಅಂಚು ಸವೆದು ಗುರಿ ಕೆಡುತ್ತದೆ. ಗುಂಡಿನಿಂದ ಹಾಳಾಗದ ಬಂದೂಕನ್ನು ಹಗ್ಗದಿಂದ ಹಾಳು ಮಾಡಬಹುದು ಎಂಬ ಜ್ಞಾನ ನನಗೆ ದೊರೆತದ್ದು ಆಗಲೇ.

ಚಿಂದಿಗೂ ಅಳತೆಯಿದೆ. ಒಣದಾಗಿ ಒರೆಸುವುದಕ್ಕೆ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ. ಎಣ್ಣೆ ಹಚ್ಚುವುದಕ್ಕೆ ಅದೇ ಉದ್ದ, ಒಂದೂವರೆ ಇಂಚು ಅಗಲ. ಅದಕ್ಕಿಂತ ದಪ್ಪನಾದರೆ ಎಣ್ಣೆಯೆಲ್ಲ ಬಾಗಿಲಲ್ಲೇ ಹಿಂಡಿ ಸೋರಿಹೋಗುತ್ತದೆ. ಪುಸ್ತಕದಲ್ಲಿ ಬರೆದ ಬಟ್ಟೆ ಸರ್ಕಾರದ್ದು, ನಮಗೆ ಸಿಗುವ ಬಟ್ಟೆ ಮನೆಯದು. ಹಳೆಯ ಧೋತರದಂಥ ಮೆತ್ತನೆಯ ಚಿಂದಿ ಇನ್ನೊಂದಿಲ್ಲ. ಆದರೆ ಅದು ಅವ್ವನ ಕೌದಿಯ ಗಂಟಿನಲ್ಲಿತ್ತು.

“ಅವ್ವಾ, ಒಂದು ಹಳೀ ಧೋತರ ಕೊಡು. ಬಂದೂಕ್ ಒರಸ್ಲಕ ಬೇಕು.”

“ನಿನ್ನ ಮೂಗು ಒರಸ್ಕೊಳ್ಳಾಕ ಬರಲ್ಲ, ಬಂದೂಕ್ ಒರಸ್ತಾನಂತ! ಕೌದಿ ಹೊಚ್ಕೊಂಡ್ರ ಚಳಿ ಹೋಗ್ತದ. ನಿನ್ನ ಬಂದೂಕ್ ಹೊಚ್ಕೊಂಡ್ರ ಏನ್ ಹೋಗ್ತದ?”

ರಕ್ಷಣಾ ನೀತಿಯ ಕುರಿತು ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ನಾನು ಆಮೇಲೂ ಕೇಳಿಲ್ಲ. ಕೊನೆಗೆ ಅರ್ಧ ಧೋತರ ಕೌದಿಗೆ, ಅರ್ಧ ದೇಶಕ್ಕೆ ಎಂದು ರಾಜಿಯಾಯಿತು.

ಎಣ್ಣೆಯ ಕಥೆ ಬೇರೆ. ಕುಪ್ಪಿ ಖಾಲಿಯಾದಾಗ ಗೆಳೆಯನೊಬ್ಬ ಮನೆಯಿಂದ ಕುಸುಬಿ ಎಣ್ಣೆ ತಂದ. ಜೋಳದ ರೊಟ್ಟಿಯ ನಾಡಿನಲ್ಲಿ ಕುಸುಬಿ ಎಣ್ಣೆಗೆ ಆಗದ ಕೆಲಸವಿಲ್ಲವೆಂಬುದು ಅವನ ನಂಬಿಕೆ. ಬೋಲ್ಟು ಅವತ್ತು ಬೆಣ್ಣೆಯ ಹಾಗೆ ಜಾರಿತು, ಮುಂದಿನ ವಾರ ಅಲ್ಲಾಡಲಿಲ್ಲ. ಕುಸುಬಿ, ಅಗಸೆ ಎರಡೂ ಗಾಳಿಗೆ ಒಣಗಿ ಪದರುಗಟ್ಟುವ ಎಣ್ಣೆಗಳು. ಅದಕ್ಕೇ ಬಣ್ಣ, ವಾರ್ನಿಷ್ ಮಾಡುವವರಿಗೆ ಅವು ಬೇಕು. ಅಗಸೆ ಎಣ್ಣೆಯನ್ನು ಬಂದೂಕಿನ ಕಟ್ಟಿಗೆಗೆ ತಿಕ್ಕಿದರೆ ನೀರು ಇಳಿಯದಂತೆ ಕಾಯುತ್ತದೆ. ಅದನ್ನೇ ಬೋಲ್ಟಿಗೆ ಹಚ್ಚಿದರೆ ಗೋಂದು. ಖನಿಜ ಎಣ್ಣೆ ಒಣಗುವುದಿಲ್ಲ, ಕಬ್ಬಿಣಕ್ಕೆ ಬೇಕಾದದ್ದು ಅದೇ. ಉಸ್ತಾದರು ಆ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಗೆಳೆಯನಿಗೆ ಮೈದಾನ ಸುತ್ತಿಸಿದರು.

ಎಣ್ಣೆ ಎಷ್ಟು ಹಚ್ಚಬೇಕೆಂಬುದನ್ನು ನಮ್ಮ ಸೀಮೆಯಲ್ಲಿ ಊರು ನೋಡಿ ಹೇಳಬೇಕು. ವಾಡಿಯಲ್ಲಿ 1968ರಿಂದ ಸಿಮೆಂಟ್ ಕಾರ್ಖಾನೆ. ಅಲ್ಲಿ ಎಣ್ಣೆ ಹೆಚ್ಚಾದರೆ ಧೂಳು ಬಂದು ಕೂತು, ಬೋಲ್ಟು ತನ್ನನ್ನು ತಾನೇ ಸಾಣೆ ಹಿಡಿದುಕೊಳ್ಳುತ್ತದೆ. ಧೂಳಿನ ಊರಿನಲ್ಲಿ ಎಣ್ಣೆ ಹಚ್ಚಿ ಮತ್ತೆ ಒರೆಸಬೇಕು, ಹಚ್ಚಿದ್ದು ಕಣ್ಣಿಗೆ ಕಾಣಬಾರದು. ಶಹಾಬಾದಿನಲ್ಲಿ ಫರ್ಸಿ ಕೊಯ್ಯುವ ಕಲ್ಲುಪುಡಿ. ಚಿತ್ತಾಪುರದ ಕಡೆ ತೊಗರಿ ರಾಶಿಯ ಕಾಲಕ್ಕೆ ಹೊಟ್ಟು, ಧೂಳು. ಸೇಡಂನ ಬೇಸಿಗೆಯಲ್ಲಿ ಬೆವರು. ಬೆವರಿನ ಉಪ್ಪು ಕಬ್ಬಿಣಕ್ಕೆ ತುಕ್ಕಿನ ಆಮಂತ್ರಣ, ಹಿಡಿದ ಬೆರಳಿನ ಗುರುತು ನಳಿಗೆಯ ಮೇಲೆ ಕೆಂಪಗೆ ಮೂಡುತ್ತದೆ. ಇನ್ನು ಚಿಂಚೋಳಿ. 2011ರಲ್ಲಿ ವನ್ಯಧಾಮವಾದ ಕಾಡು, ಚಂದ್ರಂಪಳ್ಳಿ ಜಲಾಶಯ, ಮಳೆಗಾಲದ ತೇವ. ಅಲ್ಲಿ ಎಣ್ಣೆ ಧಾರಾಳವಾಗಿಯೇ ಬೇಕು. ವಾಡಿಯಲ್ಲಿ ಶಿಸ್ತು ಎನಿಸಿದ್ದು ಚಿಂಚೋಳಿಯಲ್ಲಿ ಜಿಪುಣತನವಾಗುತ್ತದೆ.

ಕೊನೆಗೆ ತಪಾಸಣೆ. ಉಸ್ತಾದರು ಬೋಲ್ಟಿನ ಜಾಗದಲ್ಲಿ ನಮ್ಮ ಹೆಬ್ಬೆರಳ ಉಗುರನ್ನು ಓರೆಯಾಗಿ ಇಡಿಸಿ, ಅದರಿಂದ ಬೆಳಕು ಚಿಮ್ಮಿಸಿ ಆ ಕಡೆಯಿಂದ ಒಳಗೆ ನೋಡುವರು. ಇಷಾಪುರದ ಹಳೆಯ ನಳಿಗೆಯಲ್ಲಿ ಐದು ಗೀರುಗಳು ಎಡಕ್ಕೆ ತಿರುಗುತ್ತಾ ಸಾಗುತ್ತವೆ. ಅವು ಕಂಡರೆ ಬಂದೂಕು ಪಾಸು. ಆದರೆ ಅವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಉಗುರು. ಬಂದೂಕು ಸ್ವಚ್ಛವಿದ್ದು ಉಗುರಿನ ಕೊಳೆಗಾಗಿ ಮೈದಾನ ಸುತ್ತಿದವರೇ ನಮ್ಮಲ್ಲಿ ಹೆಚ್ಚು.

ಗುಂಡು ಸಿಗುತ್ತಿದ್ದುದು ಶಿಬಿರದಲ್ಲಿ, ಅದೂ .22 ಬೋಲ್ಟು ಬಂದೂಕಿಗೆ. ಅದರ ಮ್ಯಾಗಜಿನ್ನಿಗೆ ಐದೇ ಗುಂಡು. ನಿಮಿಷದೊಳಗೆ ಮುಗಿಯುವ ಆ ಪರಾಕ್ರಮಕ್ಕಾಗಿ ಅವತ್ತು ಒರೆಸಬೇಕು, ಮರುದಿನ ಒರೆಸಬೇಕು, ಅದರ ಮರುದಿನವೂ ಒರೆಸಬೇಕು. ಅಜ್ಜಂದಿರ ಕಾಲದ .303 ಕಾಡತೂಸಿನ ಕಾಟ ಇನ್ನೂ ಜಾಸ್ತಿ. ಅದು ಸಿಡಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಉಪ್ಪು ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ಹಾಗಾಗಿ ಸೈನಿಕರು ಕುದಿಯುವ ನೀರು ಹೊಯ್ದು ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚುತ್ತಿದ್ದರು. ನಾವು ದೀಪಾವಳಿಗೊಮ್ಮೆ ಮಾಡುವ ಎಣ್ಣೆ-ನೀರನ್ನು ಅವರು ಬಂದೂಕಿಗೆ ಗುಂಡು ಹಾರಿಸಿದಾಗಲೆಲ್ಲ ಮಾಡಿಸಿದರು.

ನಮ್ಮ ಭಾಗದ ಬಂದೂಕುಗಳಿಗೆ ಸ್ನಾನ ಬೇರೆಡೆಗಿಂತ ಒಂದು ಹೆಚ್ಚು. ಮೈಸೂರಿನ ಕಡೆ ಧ್ವಜವಂದನೆಯ ದೊಡ್ಡ ದಿನಗಳು ಜನವರಿ 26, ಆಗಸ್ಟ್ 15, ನವೆಂಬರ್ 1. ನಿಜಾಮನ ಆಳ್ವಿಕೆಯಿಂದ 1948ರಲ್ಲಿ ಬಿಡುಗಡೆಗೊಂಡ ನಮಗೆ ಸೆಪ್ಟೆಂಬರ್ 17 ಕೂಡ ಇದೆ. ಅದರ ಬೆನ್ನಿಗೇ ಖಂಡೇನವಮಿ. ಠಾಣೆಯ ಬಂದೂಕುಗಳೆಲ್ಲ ಸಾಲಾಗಿ ನಿಂತು ಕುಂಕುಮ, ಭಂಡಾರ, ಚೆಂಡುಹೂವು ಧರಿಸುತ್ತವೆ. ಎದುರಿಗೆ ತೆಂಗಿನಕಾಯಿ ಒಡೆದಾಗ ನೀರು ಸಿಡಿಯುತ್ತದೆ. ದೇವಿ ಪ್ರಸನ್ನಳಾಗುತ್ತಾಳೆ, ತುಕ್ಕು ಕೂಡ. ಅಂದು ಕೈಮುಗಿದ ಪೇದೆಯೇ ಮರುದಿನ ಬೋಲ್ಟಿನ ಸಂದಿಯಿಂದ ಕುಂಕುಮ ಕೆರೆಯುತ್ತಾ ಕೂರಬೇಕು. ನನ್ನ ಲೆಕ್ಕದಲ್ಲಿ ನಿಜವಾದ ಆಯುಧಪೂಜೆ ಆ ಮರುದಿನದ್ದು. ಹೂ ಏರಿಸಲು ಎಲ್ಲರೂ ಬರುತ್ತಾರೆ, ಒರೆಸಲು ಒಬ್ಬನೇ ಇರುತ್ತಾನೆ. ನಮ್ಮ ಬೋರ್‌ವೆಲ್, ಬಸ್ಸು, ಶಾಲೆಯ ಕಂಪ್ಯೂಟರುಗಳಿಗೂ ಉದ್ಘಾಟನೆಯ ಹೂವು ಸಿಕ್ಕಿದೆ. ಮರುದಿನದ ಚಿಂದಿ ಸಿಕ್ಕಿಲ್ಲ.

ಥ್ರೀ ನಾಟ್ ಥ್ರೀಯ ಕಾಲ ಮುಗಿಯುತ್ತಿದೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಅದನ್ನು ಗೌರವದಿಂದ ಬೀಳ್ಕೊಟ್ಟರು. ಶತಮಾನ ದಾಟಿದ ಯಂತ್ರವೊಂದು ಅಷ್ಟು ದಿನ ಬಾಳಿದ್ದು ಹಾರಿಸಿದವರಿಂದಲ್ಲ, ಒರೆಸಿದವರಿಂದ. ಆದ್ದರಿಂದ ನಿಮ್ಮೂರ ಠಾಣೆಯ ಕಟ್ಟೆಯ ಮೇಲೆ ಪೇದೆಯೊಬ್ಬ ಬಂದೂಕು ಬಿಚ್ಚಿಟ್ಟುಕೊಂಡು ಹಗ್ಗ ಎಳೆಯುತ್ತಿದ್ದರೆ, ಮಾಡಲು ಕೆಲಸವಿಲ್ಲದವ ಎಂದು ನಗಬೇಡಿ. ಅವನ ಕೈಯಲ್ಲಿ ಚಿಂದಿ ಇದೆಯೆಂದರೆ ಊರಲ್ಲಿ ಗಲಾಟೆ ಇಲ್ಲವೆಂದು ಅರ್ಥ. ಮನೆಯಲ್ಲಿ ಹಳೆಯ ಧೋತರವಿದ್ದರೆ ಅರ್ಧ ಕೊಟ್ಟು ಬನ್ನಿ.