ಕಾಲಿಂಚಿನ ಪಂಚಾಯ್ತಿ

ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ ಎರಡು ವಿಷಯಗಳ ಬಗ್ಗೆ ಹಗುರವಾಗಿ ಮಾತಾಡಬಾರದು. ಒಂದು, ವಿಶ್ವವಿದ್ಯಾಲಯದ ಫುಟ್‌ಬಾಲ್. 1962ರಿಂದ ಸ್ಟೇಡಿಯಮ್ಮಿನಲ್ಲಿ ಒಂದು ಟಿಕೆಟ್ಟೂ ಮಿಕ್ಕಿಲ್ಲ ಎಂದು ಬೀಗುವ ಜನ ಇವರು. ಇನ್ನೊಂದು, ಕ್ವಿಲ್ಟ್. ಫುಟ್‌ಬಾಲ್ ಬಗ್ಗೆ ನನಗೇನೂ ಗೊತ್ತಿರಲಿಲ್ಲ, ಬಚಾವಾದೆ. ಕ್ವಿಲ್ಟ್ ಬಗ್ಗೆ ಗೊತ್ತಿದೆ ಅಂದುಕೊಂಡಿದ್ದೆ.

ಆಫೀಸಿನ ಕಾಫಿ ಮಷಿನ್ ಮುಂದೆ ಹಿರಿಯ ಸಹೋದ್ಯೋಗಿಯೊಬ್ಬರು ಊರಿನ ಅಂತರರಾಷ್ಟ್ರೀಯ ಕ್ವಿಲ್ಟ್ ಮ್ಯೂಸಿಯಂ ಸುದ್ದಿ ಹೇಳುತ್ತಿದ್ದರು. 1997ರಲ್ಲಿ ದಂಪತಿಯೊಬ್ಬರು ಸಾವಿರದ ಹತ್ತಿರ ಕ್ವಿಲ್ಟು ದಾನ ಕೊಟ್ಟದ್ದರಿಂದ ಶುರುವಾದದ್ದಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ? 'ಇದೆಲ್ಲ ನಮ್ಮಲ್ಲಿ ಮನೆಮನೆಗೂ ಇದೆ, ಕೌದಿ ಅಂತೀವಿ' ಎಂದು ಶುರುಮಾಡಿ ಧಾರವಾಡದ ಅಟ್ಟದ ಮೇಲಿದ್ದ ಕೌದಿಗಳನ್ನೆಲ್ಲ ಕೆಳಗಿಳಿಸಿದೆ. ಅಜ್ಜಿಯ ಹಳೆ ಇಳಕಲ್ ಸೀರೆಗಳಾದವು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರನ್ನೂ ಬಿಡಲಿಲ್ಲ. ಅವರು ಅಂಚಿನಿಂದ ಹೊಲಿಗೆ ಹಿಡಿದು ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಬಟ್ಟೆ ಮಡಿಸಿ 'ಫೂಲ' ಇಡದ ಹೊರತು ಅವರ ಕೌದಿ, ಅಂದರೆ ಕವಂದಿ, ಮುಗಿದಂತಲ್ಲ ಎಂದೆ. ಇಷ್ಟೆಲ್ಲ ಬಲ್ಲವನಿಗೆ ಹೊಲಿಯಲೂ ಬರುತ್ತದೆಂದು ಆ ಸಹೋದ್ಯೋಗಿ ನಂಬಿದ್ದು ಅವರ ತಪ್ಪಲ್ಲ. ಶನಿವಾರ ಬೆಳಿಗ್ಗೆ ನನ್ನನ್ನು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಕ್ವಿಲ್ಟ್ ಸಂಘಕ್ಕೆ ಕರೆದೊಯ್ದು, 'ಭಾರತದ ಕುಶಲಕರ್ಮಿ' ಎಂದೇ ಪರಿಚಯಿಸಿದರು.

ಸುತ್ತ ಕೂತಿದ್ದವರು ಬಹುಪಾಲು ಅಜ್ಜಿಯರು. ಮೊಣಕಾಲಿನ ಆಪರೇಷನ್, ಮೊಮ್ಮಕ್ಕಳ ಮದುವೆ, ಈ ಸಲದ ಜೋಳದ ಬೆಳೆ ಎಲ್ಲ ಮಾತಾಡುತ್ತಲೇ ಹೊಲಿಯುತ್ತಾರೆ, ಹೊಲಿಗೆ ಮಾತ್ರ ಒಂದೆಳೆ ಆಚೀಚೆ ಆಗುವುದಿಲ್ಲ. ಎರಡು ತುಂಡು ಕೂಡಿಸುವಾಗ ಹೊಲಿಗೆಯ ಅಂಚಿಗೆ ಬಿಡಬೇಕಾದದ್ದು ಕಾಲಿಂಚು. ನಾನು ಇಂಚಿನ ಹದಿನಾರನೇ ಒಂದರಷ್ಟು ಹೆಚ್ಚು ಹಿಡಿದಿದ್ದೆ. ಅದು ಎರಡೂ ತುಂಡಿಗೆ ಸೇರಿ ಎಂಟನೇ ಒಂದು. ಎಂಟು ಹೊಲಿಗೆ ಆಗುವಷ್ಟರಲ್ಲಿ ಪೂರಾ ಒಂದಿಂಚು ಬಟ್ಟೆ ಗಾಯಬ್. ನನಗೆ ಕೊಟ್ಟಿದ್ದು ಲಾಗ್ ಕ್ಯಾಬಿನ್, ಅಂದರೆ ದಿಮ್ಮಿ ಮನೆಯ ವಿನ್ಯಾಸ, ಕಲಿಯುವವರಿಗೆ ಸುಲಭದ್ದು. ನಡುವೆ ಒಲೆಯ ಲೆಕ್ಕದಲ್ಲಿ ಒಂದು ಕೆಂಪು ಚೌಕ, ಸುತ್ತ ಮರದ ದಿಮ್ಮಿಗಳಂತೆ ಪಟ್ಟಿಗಳು. ನನ್ನ ಒಲೆ ಮೂಲೆಗೆ ಸರಿಯಿತು, ಗೋಡೆ ವಾಲಿತು. ಅದನ್ನು ಸರಿಮಾಡಲು ಷರ್ಟಿಗೆ ಎಳೆದಂತೆ ಇಸ್ತ್ರಿ ಎಳೆದೆ. ಕ್ವಿಲ್ಟಿಗೆ ಇಸ್ತ್ರಿಯನ್ನು ಒತ್ತಿ ಎತ್ತಬೇಕೇ ಹೊರತು ಎಳೆಯಬಾರದಂತೆ. ಮನೆಗೆ ಹೊಟ್ಟೆಯೂ ಬಂತು.

ಇದನ್ನೆಲ್ಲ ಅವರು ನಗುತ್ತ ಸಹಿಸಿದರು. ಮುಳುಗಿಸಿದ್ದು ಚೂಡಾ. ಎಲ್ಲರಿಗೂ ಹಂಚೋಣವೆಂದು ಅವಲಕ್ಕಿ ಚೂಡಾ ತಂದಿದ್ದೆ. ಪ್ಯಾಕೆಟ್ಟಿನ ಬಾಯಿ ಹರಿಯಲಿಲ್ಲ, ಪಕ್ಕದ ಮೇಜಿನ ಮೇಲೆ ಫಳಫಳ ಹೊಳೆಯುವ ಕತ್ತರಿ ಇತ್ತು. ಕಚಕ್ ಅನ್ನಿಸಿದೆ. ಎಲ್ಲ ಹೊಲಿಗೆ ಮಷಿನ್ನುಗಳೂ ಒಟ್ಟಿಗೆ ನಿಂತವು. ಬಟ್ಟೆಯ ಕತ್ತರಿಗೆ ಕಾಗದ, ಪ್ಲಾಸ್ಟಿಕ್ ತಾಗಿಸುವುದು ಆ ಲೋಕದಲ್ಲಿ ಎಂಥ ಅಪಚಾರವೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದ ವಿಷಯವೆಂದೇ ಅವರಿಗೆ ಹೊಳೆದಿರಲಿಲ್ಲ. ಕತ್ತರಿಯ ಒಡತಿ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಚೂಡಾ ತಿಂದರು. 'ಇದನ್ನು ಮಾಡುವುದು ಹೇಗೆಂದು ಬರೆದುಕೊಡು' ಅಂದರು. ತಪ್ಪು ದಂಡ ಅಷ್ಟಕ್ಕೇ ಮುಗಿಯಿತು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಹೊಸಾ ಅರಿವಿ ರೊಕ್ಕಾ ಕೊಟ್ಟು ತಂದು, ತುಂಡ ತುಂಡ ಕತ್ತರಿಸಿ, ಮತ್ತ ಕೂಡಿಸಿ ಹೊಲೀತಾರ? ಹಳೇ ಸೀರಿ ಇಲ್ಲೇನು ಅವರ ಕಡೆ?"

"ಅವರು ಸೀರಿ ಉಡಂಗಿಲ್ಲವಾ."

"ಅಲ್ಲಿ ನಿಂದೇನು ಕೆಲಸ? ಅಜ್ಜಿ ಕೌದಿ ಹಾಸಿದ್ರ ಅದರ ಮ್ಯಾಲ ಉಳ್ಳಾಡಾಕ ಮೊದಲ ಬರ್ತಿದ್ದಿ. ಅಷ್ಟ ಬರ್ತದ ನಿನಗ."

ಸಂಘದಲ್ಲಿ ನನಗೂ ಒಂದು ಕೆಲಸ ಸಿಕ್ಕಿತು: ಹೊಲಿಗೆ ಬಿಚ್ಚುವುದು. ನನ್ನದನ್ನೇ ಬಿಚ್ಚಿ ಬಿಚ್ಚಿ ಕೈ ಪಳಗಿತ್ತು. ಬಟ್ಟೆಗೆ ಗಾಯವಾಗದಂತೆ ಸರಸರ ಎಳೆ ಕೀಳುತ್ತಿದ್ದೆ. ಕಣ್ಣು ಮಂಜಾದವರೆಲ್ಲ ತಮ್ಮ ತಪ್ಪುಗಳನ್ನು ನನ್ನ ಮೇಜಿಗೆ ತಂದು ಹಾಕತೊಡಗಿದರು. ಕಂಪ್ಯೂಟರ್ ಕೋಡು ತಿದ್ದುವ ಉದ್ಯೋಗದಲ್ಲಿ ನನಗೆ ಈ ಮರ್ಯಾದೆ ಎಂದೂ ಸಿಕ್ಕಿಲ್ಲ. ಹಿಮ ಬಿದ್ದು ಕಾರು ಚರಂಡಿಗೆ ಇಳಿದ ದಿನ ಮೊದಲು ನೆನಪಾದದ್ದು ಕತ್ತರಿಯ ಒಡತಿಯ ನಂಬರು. ಮಗನನ್ನೂ ಪಿಕಪ್ ಟ್ರಕ್ಕನ್ನೂ ಕಟ್ಟಿಕೊಂಡು ಬಂದರು. ದಾರಿಯುದ್ದಕ್ಕೂ ಚೂಡಾಕ್ಕೆ ತೆಳು ಅವಲಕ್ಕಿ ಎಲ್ಲಿ ಸಿಗುತ್ತದೆ ಎಂದೇ ಕೇಳಿದರು.

ಕೊನೆಗೂ ಒಂದು ಕ್ವಿಲ್ಟು ಮುಗಿಸಿದೆ. ಸಂಘದವರು ಚೆನ್ನಾದವನ್ನು ಆಸ್ಪತ್ರೆಯ ಹಸುಗೂಸುಗಳಿಗೆ ಕೊಡುತ್ತಾರೆ. ನನ್ನದನ್ನು ಬಿಡಿಸಿ, ತಿರುಗಿಸಿ, ತಮ್ಮಲ್ಲೇ ಗುಸುಗುಸು ಮಾಡಿ, ಬೀದಿನಾಯಿಗಳ ಆಶ್ರಯಧಾಮದ ಪೆಟ್ಟಿಗೆಗೆ ಹಾಕಿದರು. 'ನಾಯಿ ಸ್ಕೇಲ್ ಹಿಡಿದು ಅಳೆಯುವುದಿಲ್ಲ' ಎಂದು ಸಮಾಧಾನವನ್ನೂ ಹೇಳಿದರು. ವಾರದಲ್ಲಿ ಫೋಟೋ ಬಂತು. ಕಂದು ಬಣ್ಣದ ದಢೂತಿ ನಾಯಿ, ನನ್ನ ಸೊಟ್ಟ ಮನೆಯ ಮೇಲೆ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದುಕೊಂಡಿದೆ. ಅವ್ವನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಕೌದಿ ಚಲೋ ಬಂದದ. ನಾಯಿ ಥೇಟ್ ನಿನ್ನಂಗ ಉಳ್ಳಾಡ್ಲಿಕತ್ತದ ನೋಡು."